ಕೆಂಪು ಪೆನ್ನು ವೇಲ್ಸಿಗೆ ಹೋದದ್ದು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಬರಹದಲ್ಲಿ ನಡೆದದ್ದೆಷ್ಟು, ಆಮೇಲೆ ನನ್ನ ತಲೆ ಸೇರಿಸಿಕೊಂಡದ್ದೆಷ್ಟು ಎಂಬುದು ನನಗೇ ಸರಿಯಾಗಿ ಗೊತ್ತಿಲ್ಲ. ವೇಲ್ಸಿಗೆ ಹೋದವರು ನಾವು ಮೂವರು. ಒಂದೇ ವಿಮಾನದಲ್ಲಿ ಹೋಗಿ, ಒಂದೇ ಮನೆಯಲ್ಲಿ ಉಳಿದು, ಒಂದೇ ತರಗತಿಯಲ್ಲಿ ಕುಳಿತು ಬಂದೆವು. ಊರಿಗೆ ಬಂದು ಹೇಳಿದ್ದು ಮಾತ್ರ ಮೂರು ಕತೆ. ಎರಡನೆಯ ದಿನ ಅಲ್ಲಿನ ಮಕ್ಕಳ ಕೈ ಕಟ್ಟಿಹೋಯಿತು ಎಂದು ಶಕುಂತಲಾ ಟೀಚರ್ ಹೇಳುತ್ತಾರೆ. ಮಕ್ಕಳಿಗೆ ಏನೂ ಆಗಲಿಲ್ಲ, ಎಂದಿನಂತೆ ಬರೆದರು ಎಂದು ಸದಾಶಿವ ಮಾಷ್ಟ್ರು ಹೇಳುತ್ತಿದ್ದರು. ನನ್ನ ನೆನಪಿನಲ್ಲಿ ಆ ದಿನ ಕಿಟಕಿ ಅದುರುವಷ್ಟು ಗಾಳಿ. ಅವರಿಬ್ಬರೂ ಒಮ್ಮತದಿಂದ ಹೇಳುವ ಸಂಗತಿ ಒಂದೇ: ಗಾಳಿ ಇರಲಿಲ್ಲ.

ಫೋನಿನಲ್ಲಿ ಚಿತ್ರ ನೋಡೋಣವೆಂದರೆ ನಾನು ತೆಗೆದದ್ದೆಲ್ಲ ಕುರಿಗಳದು.

ನಾನು ಓದಿದ್ದು ಭೌತಶಾಸ್ತ್ರ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಕೊನೆಗೆ ನನ್ನಲ್ಲಿ ಉಳಿದದ್ದು ಅನುಮಾನ. ಮೊದಮೊದಲು ಬೇರೆಯವರ ಮಾತಿನ ಮೇಲೆ ಅನುಮಾನಪಡುತ್ತಿದ್ದೆ. ವಯಸ್ಸು ಏರಿದಂತೆ ನನ್ನ ನೆನಪಿನ ಮೇಲೂ ಪಡತೊಡಗಿದೆ. ಹಾಗಾಗಿ ಓದುವವರು ಎಲ್ಲವನ್ನೂ ಸ್ವಲ್ಪ ತೂಗಿ ನೋಡಬೇಕು.

ಕುಂದಾಪುರ

ನಮ್ಮ ಶಿಕ್ಷಣ ಸಂಸ್ಥೆಗೆ ಮೂರು ಹೈಸ್ಕೂಲು: ಕುಂದಾಪುರದಲ್ಲೊಂದು, ಬೈಂದೂರಿನಲ್ಲೊಂದು, ಬ್ರಹ್ಮಾವರದಲ್ಲೊಂದು. ಮೂರಕ್ಕೂ ಶಿಕ್ಷಕರ ತರಬೇತಿ ನೋಡಿಕೊಳ್ಳುವವನು ನಾನು. ಒಂದು ಕಡೆ ಕೂರಲಾರದವನಿಗೆ ತಕ್ಕ ಕೆಲಸ. ಸಾಲಿಗ್ರಾಮದ ಮನೆಯಿಂದ ಬೆಳಿಗ್ಗೆ ಹೊರಬಿದ್ದರೆ ಹೈವೇಯ ಬಸ್ಸುಗಳೇ ನನ್ನ ಕಚೇರಿ.

ಶಕುಂತಲಾ ಟೀಚರ್ ಬೈಂದೂರಿನ ಶಾಲೆಯಲ್ಲಿ ಗಣಿತ ಕಲಿಸುವವರು. ಅವರದೊಂದು ಅಭ್ಯಾಸ. ಪಾಠ ಮುಗಿಯುವ ಮೊದಲು ಮಕ್ಕಳಿಗೆ ಒಂದೊಂದು ಬಿಡಿ ಹಾಳೆ ಕೊಡುತ್ತಾರೆ. ಇವತ್ತಿನ ಲೆಕ್ಕ ನಿಮಗೆ ಹೇಗೆ ಅರ್ಥವಾಯಿತು, ಎಲ್ಲಿ ಸಿಕ್ಕಿಬಿದ್ದಿರಿ, ನಿಮ್ಮ ಮಾತಿನಲ್ಲೇ ಬರೆಯಿರಿ ಎನ್ನುತ್ತಾರೆ. ಮಕ್ಕಳು ಮನೆಯಲ್ಲಿ ಆಡುವ ಕುಂದಾಪ್ರ ಕನ್ನಡದಲ್ಲೇ ಬರೆಯುತ್ತಾರೆ. ಟೀಚರ್ ಅದನ್ನು ಓದುತ್ತಾರೆ, ತಿದ್ದುವುದಿಲ್ಲ. ಮಕ್ಕಳು ಸಿಕ್ಕಿಬಿದ್ದ ಜಾಗದಿಂದಲೇ ಮರುದಿನದ ಪಾಠ ಶುರು. ಅವರನ್ನು ನೋಡಿ ವಿಜ್ಞಾನದವರೂ ಸಮಾಜದವರೂ ತಮ್ಮ ತರಗತಿಗಳಲ್ಲಿ ಹಾಗೆಯೇ ಬರೆಸತೊಡಗಿದ್ದರು.

ಒಮ್ಮೆ ಅವರು ನನಗೆ ಒಂದು ಹಾಳೆ ತೋರಿಸಿದರು. ಋಣವನ್ನು ಋಣದಿಂದ ಗುಣಿಸಿದರೆ ಧನ ಯಾಕಾಗುತ್ತದೆ ಎಂಬುದಕ್ಕೆ ಒಬ್ಬ ಹುಡುಗಿ ಬರೆದದ್ದು ಹೀಗೆ: ದೋಣಿ ಹಿಂದೆ ಹಿಂದೆ ಹೋಪುದನ್ನ ವಿಡಿಯೋ ಮಾಡಿ, ಆ ವಿಡಿಯೋನ ಉಲ್ಟಾ ಓಡ್ಸಿರೆ ದೋಣಿ ಮುಂದೆ ಹೋದಂಗ್ ಕಾಣತ್ತ್. ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಚಂದದ ವಿವರಣೆ ಇರಲಿಲ್ಲ. ಆದರೂ ಒಂದು ಚಂದದ ಹಾಳೆ ಕಂಡ ಮಾತ್ರಕ್ಕೆ ಒಂದು ಪದ್ಧತಿ ಸರಿ ಎನ್ನಲಾಗದು ಎಂದೆ. ಟೀಚರ್ "ನೀವ್ ಒಂದ್ ಇದ್ರಿ ಮರಾಯ್ರೆ" ಎಂದು ಹಾಳೆಯನ್ನು ವಾಪಸ್ ಕಸಿದುಕೊಂಡರು.

ತಕರಾರು ಬಂದದ್ದು ಆ ಹುಡುಗಿಯ ತಂದೆ ಮಂಜುನಾಥರಿಂದ. ಮೀನು ಸಾಗಿಸುವ ಲಾರಿಗಳ ಮಾಲೀಕರು. ಮಗಳ ಹಾಳೆಗಳನ್ನು ತಿರುವಿ ನೋಡಿದ್ದಾರೆ, ಎಲ್ಲೂ ಕೆಂಪು ಶಾಯಿ ಇಲ್ಲ. ನಮ್ಮ ಕಡೆ ಇದು ಸಣ್ಣ ಸಂಗತಿಯಲ್ಲ. ಸರಿಯಿದ್ದಲ್ಲಿ ರೈಟು, ತಪ್ಪಿದ್ದಲ್ಲಿ ಸುತ್ತು, ಕೊನೆಗೆ ಸಹಿ ಮತ್ತು ತಾರೀಕು: ಇಷ್ಟಿದ್ದರೆ ಮಾಷ್ಟ್ರು ಕೆಲಸ ಮಾಡಿದ್ದಾರೆ. ಇಲ್ಲದಿದ್ದರೆ ಅವರು ಶಾಲೆಗೆ ಬರುವುದು ಊಟಕ್ಕೆ. ಮಂಜುನಾಥರು ನೇರವಾಗಿ ಸಂಸ್ಥೆಯ ಅಧ್ಯಕ್ಷ ಹೆಗ್ಡೆಯವರ ಬಳಿ ಹೋದರು. ಹೆಗ್ಡೆಯವರಿಗೆ ಮುಂಬಯಿಯಲ್ಲಿ ಹೋಟೆಲುಗಳಿವೆ. ಅಡುಗೆಮನೆಯ ಗಲಾಟೆಯನ್ನು ಗಿರಾಕಿಯ ಮೇಜಿನವರೆಗೆ ಬರಲು ಬಿಡಬಾರದು ಎಂಬುದು ಅವರ ಆಡಳಿತ ಸೂತ್ರ.

ಅಷ್ಟರಲ್ಲಿ ವೇಲ್ಸಿನಿಂದ ಆಹ್ವಾನ ಬಂತು. ಅಲ್ಲಿನ ಮೆರೆರಿಡ್ ಎಂಬ ಗಣಿತದ ಟೀಚರ್ ಜೊತೆ ಶಕುಂತಲಾ ಟೀಚರ್ ಕೆಲವು ಕಾಲದಿಂದ ಮಕ್ಕಳ ಬರಹಗಳನ್ನು ವಿನಿಮಯ ಮಾಡಿಕೊಳ್ಳುತ್ತಿದ್ದರು. ಆಕೆಯ ಶಾಲೆಯಲ್ಲಿ ಎಲ್ಲ ವಿಷಯದಲ್ಲೂ ಬರೆಸುತ್ತಾರಂತೆ. ಮೂರು ಜನ ಬರಬಹುದು ಎಂದಿತ್ತು. ಹೆಗ್ಡೆಯವರು ಟೀಚರ್ ಜೊತೆಗೆ ಇನ್ನಿಬ್ಬರನ್ನು ಸೇರಿಸಿದರು. ಒಬ್ಬರು ಬ್ರಹ್ಮಾವರ ಶಾಲೆಯ ಮುಖ್ಯೋಪಾಧ್ಯಾಯ ಸದಾಶಿವ ಮಾಷ್ಟ್ರು. ಅವರೂ ಗಣಿತದವರೇ. ಅಂಗಿಯ ಜೇಬಿನಲ್ಲಿ ಎರಡು ಕೆಂಪು ಪೆನ್ನು ಇಲ್ಲದೆ ಮದುವೆ ಊಟಕ್ಕೂ ಹೋಗದವರು. ಇನ್ನೊಬ್ಬ ನಾನು, ತೀರ್ಪು ಹೇಳುವವನು.

"ಅಲ್ಲಿ ಸಮಾ ಕಂಡ್ಕ ಬನ್ನಿ" ಎಂದರು ಹೆಗ್ಡೆಯವರು. "ಉಪಯೋಗ ಇತ್ತ್ ಅಂದ್ರೆ ಮೂರೂ ಶಾಲಿಯಂಗೆ ಮಾಡುವ. ಇಲ್ದಿರೆ ಬೈಂದೂರಂಗೂ ನಿಲ್ಸುದ್."

ಆ ದಿನ ಶಾಸ್ತ್ರಿ ಸರ್ಕಲಿನಲ್ಲಿ ಟೀಚರ್ ಜೊತೆ ಬಸ್ಸಿಗೆ ಕಾಯುತ್ತಿದ್ದೆ. ಬೈಂದೂರಿನ ಬಸ್ಸು ಬಂತು. ಹತ್ತುವ ಮೊದಲು ತಿರುಗಿ ಹೇಳಿದರು: "ಮಕ್ಕಳಿಗೆ ಎಲ್ಲಿ ಗೊತ್ತಾಯ್ಲಿಲ್ಲ ಅಂದೇಳಿ ನಂಗೆ ಕಾಂಬುದ್ ಆ ಹಾಳಿಯಂಗೆ ಮಾತ್ರ, ಐತಾಳ್ರೆ. ಅದನ್ನ ನಿಲ್ಸಿರೆ ನಾನ್ ಕಣ್ಣ್ ಮುಚ್ಕಂಡ್ ಪಾಠ ಮಾಡ್ದಂಗೆ."

ಕಾರ್ಡಿಫಿನಿಂದ ಪಶ್ಚಿಮಕ್ಕೆ

ಕಾರ್ಡಿಫಿನಲ್ಲಿ ಇಳಿದು ವ್ಯಾನಿನಲ್ಲಿ ಪಶ್ಚಿಮದ ಕರಾವಳಿಗೆ ಹೊರಟೆವು. ದಾರಿಯುದ್ದಕ್ಕೂ ಹಸಿರು ಗುಡ್ಡ, ಗುಡ್ಡದ ತುಂಬ ಕುರಿ. ಪ್ರತಿ ತಿರುವಿನಲ್ಲೂ ರಸ್ತೆಯ ಮೇಲೆ ಬಿಳಿ ಬಣ್ಣದ ದೊಡ್ಡ ಅಕ್ಷರಗಳಲ್ಲಿ ARAF ಎಂದು ಬರೆದಿತ್ತು. ಸದಾಶಿವ ಮಾಷ್ಟ್ರು ಬಹಳ ಹೊತ್ತು ಅದನ್ನೇ ಗಮನಿಸುತ್ತಿದ್ದು, ಕೊನೆಗೆ, ಎಲೆಕ್ಷನ್ ಜೋರಿದ್ದ ಹಾಗಿದೆ, ಈ ಅರಾಫ್ ಯಾವ ಪಾರ್ಟಿಯವರು ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ, ಆದರೆ ಗೆಲ್ಲುವುದು ಅವರೇ ಎಂದೆ. ಚಾಲಕನಿಗೆ ನಗುವಿನ ಕಾರಣ ತಿಳಿಸಿದ ಮೇಲೆ ಅವನು ಅರ್ಥ ಹೇಳಿದ. ಅದು ವೆಲ್ಶ್ ಭಾಷೆಯಲ್ಲಿ 'ನಿಧಾನ'. ಅಲ್ಲಿ ಫಲಕಗಳೆಲ್ಲ ಎರಡು ಭಾಷೆಯಲ್ಲಿ. ಶಾಲೆಯಲ್ಲೂ ಹಾಗೆಯೇ, ಮಕ್ಕಳು ಯಾವುದರಲ್ಲಿ ಬೇಕಾದರೂ ಬರೆಯಬಹುದು.

ನಾವು ಉಳಿದ ಊರು ಗಂಗೊಳ್ಳಿಯಷ್ಟಿದ್ದೀತು. ಹೆಸರನ್ನು ಉಚ್ಚರಿಸಲು ಮೂವರೂ ಪ್ರಯತ್ನಪಟ್ಟು ಬಿಟ್ಟೆವು. ಅಲ್ಲಿನ ಬಸ್ಸಿನ ಒಂದು ರೂಢಿ ನನಗೆ ಹಿಡಿಸಿತು. ಇಳಿಯುವ ಪ್ರತಿಯೊಬ್ಬರೂ ಚಾಲಕನಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಅದಕ್ಕೆ ಪುರುಸೊತ್ತೆಲ್ಲಿ? ಒಂದು ಕಾಲು ನೆಲ ಮುಟ್ಟುವ ಮೊದಲೇ ಕಂಡಕ್ಟರು ರೈಟ್ ಹೇಳಿರುತ್ತಾನೆ. ಸದಾಶಿವ ಮಾಷ್ಟ್ರು ಮಾತ್ರ ಇಳಿಯುವವರು ಇಳಿದು ಮುಗಿಯುವವರೆಗೆ ಬಾಗಿಲಲ್ಲಿ ನಿಂತು, ಎಲ್ಲರೂ ಹೇಳಿದರೇ ಎಂದು ನೋಡುತ್ತಿದ್ದರು. ಹಾಜರಿ ತೆಗೆದು ರೂಢಿ.

ನಾವು ಉಳಿದಿದ್ದುದು ಗ್ವೆನ್ ಎಂಬ ವಿಧವೆಯ ಮನೆಯಲ್ಲಿ. ಎರಡನೆಯ ಸಂಜೆ ಟೀಚರ್ ಊರಿನಿಂದ ತಂದ ಹಪ್ಪಳವನ್ನು ಒಲೆಯ ಮೇಲೆ ಸುಟ್ಟರು. ಹಲಸಿನ ಹಪ್ಪಳ, ಹೊಗೆ ಬರುವುದು ಸಹಜ. ಛಾವಣಿಯಲ್ಲಿದ್ದ ಒಂದು ಬಿಳಿ ಬಟ್ಟಲಿಗೆ ಅದು ಸಹಜವೆನಿಸಲಿಲ್ಲ. ಅದು ಹೊಗೆ ಪತ್ತೆಹಚ್ಚುವ ಅಲಾರಂ; ಇಡೀ ಬೀದಿಗೆ ಕೇಳುವಂತೆ ಕಿರುಚತೊಡಗಿತು. ಗ್ವೆನ್ ನಮ್ಮೆಲ್ಲರನ್ನೂ ಹೊರಗೆ ಅಟ್ಟಿದರು. ಕಾನೂನಂತೆ. ಜಿನುಗು ಮಳೆಯಲ್ಲಿ ನಾಲ್ವರೂ ಗೇಟಿನ ಹೊರಗೆ ನಿಂತೆವು. ಟೀಚರ್ ಗಾಬರಿಯಲ್ಲಿ ಹಪ್ಪಳದ ತಟ್ಟೆಯನ್ನೂ ಹಿಡಿದುಕೊಂಡೇ ಬಂದಿದ್ದರು. ಪಕ್ಕದ ಮನೆಯವರು ಬಂದರು, ಎದುರಿನವರು ಬಂದರು, ಬೆಂಕಿ ಎಲ್ಲಿ ಎಂದು ಕೇಳಿ ಒಂದೊಂದು ತುಂಡು ಮುರಿದುಕೊಂಡರು. ಬೀದಿಯವರ ಪರಿಚಯವಾದದ್ದು ಹಾಗೆ. ಮರುದಿನ ಗ್ವೆನ್ ಆ ಬಟ್ಟಲಿಗೆ ಶವರ್ ಟೋಪಿ ತೊಡಿಸಿ, ಇವತ್ತು ಇನ್ನಷ್ಟು ಸುಡಿ ಎಂದರು.

ಗಣಿತದ ಕೋಣೆ

ಮೆರೆರಿಡ್ ಟೀಚರ್ ಎತ್ತರದ ಆಳು, ಕೂದಲು ಗಂಡಸರಂತೆ ಕತ್ತರಿಸಿದ್ದರು, ನಗು ಮಾತ್ರ ನಮ್ಮ ವಂಡ್ಸೆ ಕಡೆಯ ಅತ್ತಿಗೆಯಂದಿರದು. ಮೊದಲು ಶಾಲೆಯನ್ನೆಲ್ಲ ತೋರಿಸಿದರು. ಅಡುಗೆ ಕಲಿಸುವ ಕೋಣೆಯಲ್ಲಿ ಮಕ್ಕಳು ಉಬ್ಬದೇ ಉಳಿದ ಬ್ರೆಡ್ಡನ್ನು ಎದುರಿಗಿಟ್ಟುಕೊಂಡು, ಅದು ಯಾಕೆ ಉಬ್ಬಲಿಲ್ಲ ಎಂದು ಬರೆಯುತ್ತಿದ್ದರು. ಆಟದ ಬಯಲಿನಲ್ಲಿ ಓಡಿ ಬಂದ ಹುಡುಗರು ಏದುಸಿರು ಬಿಡುತ್ತ, ಗುಡ್ಡ ಹತ್ತುವಾಗ ತಮ್ಮ ಕಾಲಿಗೆ ಏನಾಯಿತು ಎಂದು ಬರೆಯುತ್ತಿದ್ದರು. ಇತಿಹಾಸದಲ್ಲಿ, ಚಿತ್ರಕಲೆಯಲ್ಲಿ, ಎಲ್ಲ ಕಡೆ ಅದೇ. ಯಾರ ಹಾಳೆಗೂ ಅಂಕ ಇಲ್ಲ.

ಇದರಿಂದ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಆಧಾರವೇನು ಎಂದು ಕೇಳಿದೆ. ಕೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಹೆಚ್ಚುತ್ತದೋ ಇಲ್ಲವೋ ಪ್ರಮಾಣ ಮಾಡಿ ಹೇಳಲಾರೆ, ಮಕ್ಕಳಿಗೆ ಏನು ಗೊತ್ತಿಲ್ಲ ಎಂಬುದು ಪರೀಕ್ಷೆಗೆ ಮೊದಲೇ ನನಗೆ ಗೊತ್ತಾಗುತ್ತದೆ, ಅಷ್ಟು ಸಾಕು ಎಂದರು. ಉತ್ತರ ಪ್ರಾಮಾಣಿಕವಾಗಿತ್ತು. ಹಾಗಾಗಿಯೇ ನನಗೆ ಕಿರಿಕಿರಿಯಾಯಿತು. ಪ್ರಾಮಾಣಿಕರ ಮೇಲೆ ಅನುಮಾನಪಡುವುದು ಕಷ್ಟ.

ಮೊದಲ ದಿನದ ಪಾಠ ಶಕುಂತಲಾ ಟೀಚರ್ ಮಾಡಬೇಕು ಎಂದಾಯಿತು. ಅವರು ಸೀರೆಯ ಮೇಲೆ ದಪ್ಪ ಸ್ವೆಟರ್ ಹಾಕಿ ನಿಂತು, ಬೈಂದೂರಿನಲ್ಲಿ ಕೇಳಿದ ಪ್ರಶ್ನೆಯನ್ನೇ ಕೇಳಿದರು. ಋಣ ಗುಣಿಸು ಋಣ, ಧನ. ಹೌದು, ಆದರೆ ಯಾಕೆ? ಹದಿಮೂರರ ಆಸುಪಾಸಿನ ಮಕ್ಕಳು ತಲೆ ತಗ್ಗಿಸಿ ಬರೆದರು. ಟೀಚರ್ ಬೆಂಚುಗಳ ನಡುವೆ ನಡೆದಾಡುತ್ತ ಹಾಳೆಯನ್ನಲ್ಲ, ಪೆನ್ನನ್ನು ನೋಡುತ್ತಿದ್ದರು. ಎಲ್ಲಿ ಪೆನ್ನು ನಿಂತಿತೋ ಅಲ್ಲಿ ಬಗ್ಗಿ ಒಂದು ಮಾತು ಕೇಳುತ್ತಿದ್ದರು. ಪೆನ್ನು ಮತ್ತೆ ಓಡುತ್ತಿತ್ತು.

ಆಮೇಲೆ ಮೆರೆರಿಡ್ ಕೆಲವನ್ನು ಓದಿ ಹೇಳಿದರು. ಒಬ್ಬ ಬರೆದಿದ್ದ: ನಾನು ಒಮ್ಮೆ ಹಿಂದೆ ತಿರುಗಿ, ಮತ್ತೊಮ್ಮೆ ಹಿಂದೆ ತಿರುಗಿದರೆ ಮತ್ತೆ ಮುಂದೆಯೇ ನೋಡುತ್ತೇನೆ, ಹಾಗಿರಬಹುದು. ಇನ್ನೊಬ್ಬಳು: ಇದು ಸುಳ್ಳು, ನನ್ನ ಅಜ್ಜಿ ಎರಡು ಸಲ ಬೇಡ ಎಂದರೆ ಬೇಕು ಎಂದಲ್ಲ, ಬಾಗಿಲು ಹಾಕಿಕೊಂಡು ಹೋಗು ಎಂದರ್ಥ. ಮತ್ತೊಬ್ಬ: ಟೀಚರ್ ಹೇಳಿದ್ದಾರೆ, ಅದಕ್ಕೇ. ಅವನು ನನಗೆ ಇಷ್ಟವಾದ. ಬಹುಪಾಲು ಮಕ್ಕಳು ಹಾಳೆ ತಿರುಗಿಸಿ ಹಿಂಬದಿಗೂ ಬರೆದಿದ್ದರು ಎಂದು ನನ್ನ ನೆನಪು. ಶಕುಂತಲಾ ಟೀಚರ್ ಮುಖ ಗೆದ್ದವರ ಮುಖವಾಗಿತ್ತು, ಅದು ಮಾತ್ರ ಖಂಡಿತ ನೆನಪಿದೆ.

ಸ್ಟಾಫ್ ರೂಮು

ಚಹಾಕ್ಕೆ ಎಲ್ಲರೂ ಎದ್ದೆವು. ಅಲ್ಲಿನವರ ಚಹಾ ಅರ್ಧ ಬಕೆಟ್. ಕುಡಿದು ಮುಗಿಸಲು ಸಮಯ ಬೇಕು. ಒಣಹಣ್ಣು ಹಾಕಿದ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟರು. ಹರಟೆ ಸಾಗಿತು. ಸದಾಶಿವ ಮಾಷ್ಟ್ರು ಮೂಲೆಯ ಮೇಜಿನಲ್ಲಿ ಒಬ್ಬರೇ ಕುಳಿತಿದ್ದರು. ಅವರಿಗೆ ಇಂಗ್ಲಿಷಿನ ಹರಟೆ ಬೇಸರವೆಂದು ನಾವು ಕರೆಯಲೂ ಇಲ್ಲ.

ನಾವು ಬಟ್ಟಲು ತೊಳೆದಿಟ್ಟು ಬರುವ ಹೊತ್ತಿಗೆ ಅವರು ಅಷ್ಟೂ ಹಾಳೆಗಳನ್ನು ತಿದ್ದಿ ಮುಗಿಸಿದ್ದರು.

ಅರೆಬರೆ ಅಲ್ಲ. ಪ್ರತಿ ಸಾಲಿಗೂ ನ್ಯಾಯ ಒದಗಿಸಿದ್ದರು. ಸರಿಯಿದ್ದಲ್ಲಿ ರೈಟು, ಅನುಮಾನವಿದ್ದಲ್ಲಿ ಪ್ರಶ್ನಾರ್ಥಕ, ಕೆಳಗೆ ಸಹಿ, ತಾರೀಕು. ಅಜ್ಜಿಯ ಹಾಳೆಗೆ ಉದ್ದಕ್ಕೂ ಒಂದು ಗೆರೆ: ವಿಷಯಕ್ಕೆ ಸಂಬಂಧವಿಲ್ಲ. ವೆಲ್ಶಿನಲ್ಲಿ ಬರೆದ ಹಾಳೆಗಳನ್ನೂ ಬಿಟ್ಟಿರಲಿಲ್ಲ. ಲಿಪಿ ಇಂಗ್ಲಿಷಿನದೇ ಅಲ್ಲವೇ. ಇಂಗ್ಲಿಷಿನಲ್ಲಿ ಇಲ್ಲದ ಮಾತುಗಳಿಗೆಲ್ಲ ಸುತ್ತು ಹಾಕಿದ್ದರು. ಆ ಹಾಳೆಗಳು ದಾಸವಾಳದ ಗಿಡದಂತೆ ಕಾಣುತ್ತಿದ್ದವು.

ಇದನ್ನು ತಪ್ಪು ಎಂದರೆ ಅವರಿಗೆ ಅರ್ಥವಾಗದು. ಬೇರೆಯವರ ಶಾಲೆಗೆ ಹೋಗಿ, ಚಹಾ ಕುಡಿದು, ಅಲ್ಲಿ ರಾಶಿಬಿದ್ದ ಬರಹವನ್ನು ನೋಡಿಯೂ ತಿದ್ದದೆ ಬಂದರೆ ಅದು ಅವರ ಲೆಕ್ಕದಲ್ಲಿ ಉಂಡ ಮನೆಯಲ್ಲಿ ಎಲೆ ಎತ್ತದೇ ಬಂದಂತೆ. ಮೆರೆರಿಡ್ ಒಂದು ಹಾಳೆ ಎತ್ತಿ ನೋಡಿ, ಇನ್ನೊಂದು ನೋಡಿ, ನೀವು ಬಹಳ ಶ್ರಮಪಟ್ಟಿದ್ದೀರಿ ಎಂದರು. ಹಾಗೆಂದಾಗ ನಗುತ್ತಿರಲಿಲ್ಲ.

ಶಕುಂತಲಾ ಟೀಚರ್ ಹೊರಗೆ ಬರುವವರೆಗೆ ತಡೆದುಕೊಂಡರು.

"ಮಾಷ್ಟ್ರೆ, ಅದ್ ತಿದ್ದುಕೆ ಬರ್ಸದ್ದ್ ಅಲ್ಲ ಅಂದೇಳಿ ನಿಮ್ಗೆ ಎಷ್ಟ್ ಸಲ ಹೇಳ್ಕ್?"

"ಬರ್ದದ್ದ್ ಕಣ್ಣೆದ್ರಿಗ್ ಇಪ್ಪತಿಗೆ ಕೈ ಸುಮ್ನೆ ಕೂಕಣತ್ತಾ, ಹೆಣೆ?"

"ನಿಮ್ಮ್ ಕೈ ಕೂಕಣದಿರೆ, ನಾಳೆ ಮಕ್ಕಳ್ ಕೈ ಕೂಕಣತ್ತ್."

ಟೀಚರ್ ಹಾಳೆಗಳನ್ನು ಹೇಗಾದರೂ ಮರೆಮಾಡಿ ಎಂದು ಮೆರೆರಿಡ್ ಅವರನ್ನು ಬೇಡಿಕೊಂಡರು. ಆಕೆ ಒಪ್ಪಲಿಲ್ಲ. ಹಾಳೆ ಮಕ್ಕಳದು, ನಾಳೆ ಅದನ್ನೇ ಹಿಡಿದು ಮುಂದುವರಿಸುತ್ತೇವೆ ಎಂದು ಮಾತು ಕೊಟ್ಟಾಗಿದೆ, ಕೊಡಲೇಬೇಕು. ಆ ಸಂಜೆ ಗ್ವೆನ್ ಮನೆಯಲ್ಲಿ ಯಾರೂ ಹಪ್ಪಳ ಸುಡಲಿಲ್ಲ. ನನಗೆ ಮಾತ್ರ ಒಳಗೊಳಗೇ ಉತ್ಸಾಹ. ನಾನು ಕೇಳಿದರೂ ಯಾರೂ ಮಾಡಿ ತೋರಿಸದ ಪ್ರಯೋಗವೊಂದನ್ನು ಮಾಷ್ಟ್ರು ತಿಳಿಯದೇ ಶುರುಮಾಡಿದ್ದರು. ಅದೇ ಮಕ್ಕಳು, ಅದೇ ಪ್ರಶ್ನೆ; ನಡುವೆ ಒಂದು ಕೆಂಪು ಪೆನ್ನು.

ಎರಡನೆಯ ದಿನ

ಇಲ್ಲಿಂದ ಮುಂದೆ ನನ್ನ ಮಾತನ್ನು ಹೆಚ್ಚು ನಂಬಬೇಡಿ.

ಮಕ್ಕಳು ತಮ್ಮ ಹಾಳೆಗಳನ್ನು ತೆಗೆದುಕೊಂಡರು. ಕೆಲವರು ಪಕ್ಕದವರದನ್ನು ಇಣುಕಿ ನೋಡಿದರು. ಮೊದಲ ದಿನ ಹಾಗೆ ನೋಡಿರಲಿಲ್ಲ ಎಂದು ನನ್ನ ನೆನಪು. ಅಜ್ಜಿಯ ಹುಡುಗಿ ತನ್ನ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದಳು. ಮೆರೆರಿಡ್ ಹೊಸ ಹಾಳೆ ಹಂಚಿ, ನಿನ್ನೆ ನಿಲ್ಲಿಸಿದಲ್ಲಿಂದ ಮುಂದುವರಿಸಿ ಎಂದರು.

ಅವರ ಶಾಲೆಯಲ್ಲಿ ಒಂದು ಕಟ್ಟುಪಾಡು. ಬರೆಯುವ ಹೊತ್ತಿಗೆ ಕೋಣೆಯಲ್ಲಿ ಯಾರಿದ್ದರೂ ಬರೆಯಬೇಕು. ಟೀಚರೂ, ನೋಡಲು ಬಂದವರೂ, ಕಿಟಕಿ ರಿಪೇರಿಗೆ ಬಂದವನೂ. ಮೊದಲ ದಿನ ಹೊಸಬರೆಂದು ನಮಗೆ ವಿನಾಯಿತಿ ಕೊಟ್ಟಿದ್ದರು; ಆ ದಿನ ನಮ್ಮ ಮೂವರ ಕೈಗೂ ಹಾಳೆ ಬಂತು. ಶಕುಂತಲಾ ಟೀಚರ್ ಇಂಗ್ಲಿಷಿನಲ್ಲಿ ಬರೆದರು. ನಾನೂ ಇಂಗ್ಲಿಷಿನಲ್ಲಿ ಬರೆದು ಮಗ್ಗುಲಲ್ಲೊಂದು ನಕ್ಷೆ ಹಾಕಿದೆ. ಅದು ನನಗೇ ಅಷ್ಟೇನೂ ಒಪ್ಪಿಗೆಯಾಗಲಿಲ್ಲ. ಸದಾಶಿವ ಮಾಷ್ಟ್ರು ಹಾಳೆಗೆ ಅಂಚು ಎಳೆದು, ತಾರೀಕು ಹಾಕಿ, ಕಿಟಕಿಯ ಹೊರಗೆ ಕಡಲು ನೋಡುತ್ತ ಕುಳಿತರು. ಬರೆಯುವುದು ಮಕ್ಕಳ ಕೆಲಸ ಎಂಬ ಭಾವ. ಹೀಗೆಂದು ನಾನು ಆಣೆ ಹಾಕಿ ಹೇಳುತ್ತಿದ್ದೆ.

ಮಕ್ಕಳು ಬರೆದರು. ಆದರೆ ಎಲ್ಲರದೂ ಚಿಕ್ಕದು, ಎಲ್ಲರದೂ ಚೊಕ್ಕ. ಎರಡೋ ಮೂರೋ ಸಾಲು, ಪುಸ್ತಕದಲ್ಲಿರುವಂಥದ್ದು. ಅಜ್ಜಿ ಇಲ್ಲ, ತಿರುಗುವವನು ಇಲ್ಲ. ಹೀಗೆ ನನಗೆ ಕಂಡಿತು. ಆದರೆ ಆ ದಿನ ಗಾಳಿಯಿತ್ತು, ಮಧ್ಯಾಹ್ನ ರಗ್ಬಿ ಪಂದ್ಯವಿತ್ತು, ಒಂದೇ ಪ್ರಶ್ನೆಗೆ ಎರಡನೆಯ ಸಲ ಬರೆಯುವುದು ಯಾರಿಗೂ ಬೇಸರ. ಕಾರಣ ಯಾವುದು? ಅದೂ ಇರಲಿ, ನಿಜವಾಗಿ ಚಿಕ್ಕದಾಗಿತ್ತೇ, ಅಥವಾ ಟೀಚರ್ ಹಾಗೆ ಆಗುತ್ತದೆ ಎಂದಿದ್ದಕ್ಕೆ ನನಗೆ ಹಾಗೆ ಕಂಡಿತೇ? ಮೆರೆರಿಡ್ ಹಾಳೆಗಳನ್ನು ಮಕ್ಕಳಿಗೇ ಮನೆಗೆ ಕೊಟ್ಟುಬಿಟ್ಟರು. ನಾವು ಮರುದಿನ ಹೊರಟೆವು.

ಬ್ರಹ್ಮಾವರ

ಊರಿಗೆ ಬಂದ ಮೇಲೆ ವರದಿ ಬರೆಯಲು ಮಾಷ್ಟ್ರ ಶಾಲೆಯಲ್ಲಿ ಸೇರಿದೆವು. ವರದಿ ಮೊದಲ ಪುಟ ದಾಟಲಿಲ್ಲ. ಟೀಚರ್ ಮಕ್ಕಳು ಹೆದರಿ ಕಡಿಮೆ ಬರೆದರು ಎನ್ನುತ್ತಾರೆ. ಮಾಷ್ಟ್ರು, ಅವರು ಎಂದಿನಂತೆಯೇ ಬರೆದರು, ಈ ಸಲ ತಪ್ಪಿಲ್ಲದೆ, ಅದಲ್ಲವೇ ಬೇಕಾದದ್ದು ಎನ್ನುತ್ತಾರೆ. ನಾನು ಗಾಳಿಯ ಮಾತು ಎತ್ತಿದೆ. "ಎಂತ ಗಾಳಿ ಮಾರ್ರೆ? ಎಲಿ ಅಲ್ಗ್ತಿರ್ಲಿಲ್ಲ" ಎಂದು ಮಾಷ್ಟ್ರು ನನ್ನ ಬಾಯಿ ಮುಚ್ಚಿಸಿದರು.

ಅವರ ಎಡಗೈ ಪಕ್ಕದಲ್ಲಿ ಎಂಟನೆಯ ತರಗತಿಯ ಪುಸ್ತಕಗಳ ಎರಡು ಗೋಪುರ. ಮಾತಾಡುತ್ತಲೇ ಒಂದೊಂದನ್ನು ತೆರೆದು ತಿದ್ದುತ್ತಿದ್ದರು. ಆ ದಿನ ಒಂದೇ ಪುಸ್ತಕದ ಮೇಲೆ ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದಂತೆ ನೆನಪು. ಅದೂ ನಾನು ಆಮೇಲೆ ಸೇರಿಸಿಕೊಂಡದ್ದಿರಬಹುದು.

ಬೈಂದೂರು

ಸಭೆ ಬೈಂದೂರಿನ ಶಾಲೆಯಲ್ಲಿ. ಹೆಗ್ಡೆಯವರು ಮುಂಬಯಿಯಿಂದ ಬಂದಿದ್ದರು. ಮಂಜುನಾಥರೂ ಬಂದಿದ್ದರು. ನಾನು ಅವರನ್ನು ಜಗಳಗಂಟ ಎಂದುಕೊಂಡಿದ್ದೆ, ಹಾಗಿರಲಿಲ್ಲ. ಕೈ ಕಟ್ಟಿ ಕುಳಿತು ಒಂದೇ ಪ್ರಶ್ನೆ ಕೇಳಿದರು.

"ನಾನ್ ಓದದ್ದ್ ಕಡ್ಮೆ. ಮಗಳ್ ಬರ್ದದ್ದ್ ಸಮಾ ಇತ್ತಾ ಇಲ್ಯಾ ಅಂದೇಳಿ ನಂಗೆ ಗೊತ್ತಾತಿಲ್ಲೆ. ಕೆಂಪ್ ಕಂಡ್ರೆ ಟೀಚರ್ ಕಂಡಿರ್ ಅಂದ್ ತಿಳ್ಕಂಬುದ್. ಅದೂ ಇಲ್ದಿರೆ ನಾನ್ ಎಂತ ಕಂಡ್ ನಂಬ್ಕ್?"

ಹೆಗ್ಡೆಯವರು ನನ್ನತ್ತ ತಿರುಗಿ, ತೀರ್ಪು ಹೇಳಿ ಎಂದರು. ಟೀಚರ್ ನನ್ನನ್ನು ನೋಡಲಿಲ್ಲ, ಮೇಜಿನ ಮೇಲಿದ್ದ ಡಸ್ಟರನ್ನು ನೋಡುತ್ತಿದ್ದರು. ನಾನು ಎದ್ದು ನಿಂತು ನಿಜ ಹೇಳಿದೆ: ಒಂದು ತರಗತಿ, ಎರಡು ದಿನ, ಮೂರು ಸಾಕ್ಷಿ, ಮೂವರದೂ ಬೇರೆ ಮಾತು. ಎರಡನೆಯ ದಿನ ಮಕ್ಕಳು ಕಡಿಮೆ ಬರೆದರೆಂದು ನನಗೆ ಅನ್ನಿಸುತ್ತದೆ, ಆದರೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಇದರ ಮೇಲೆ ತೀರ್ಪು ಹೇಳಲಾರೆ. ಕೂರುವಾಗಲೇ ತಿಳಿಯಿತು, ಹೀಗೆ ಹೇಳಿದ್ದೇ ಒಂದು ತೀರ್ಪಾಯಿತು ಎಂದು. ಉಪಯೋಗವಿದೆ ಎಂದು ಸಾಬೀತಾಗದಿದ್ದರೆ ನಿಲ್ಲಿಸುವುದು ಎಂದಲ್ಲವೇ ಕರಾರು. ಹೆಗ್ಡೆಯವರು ತಲೆಯಾಡಿಸುತ್ತ ಕನ್ನಡಕ ತೆಗೆದರು.

ಆಗ ಸದಾಶಿವ ಮಾಷ್ಟ್ರು ಕುಳಿತಲ್ಲಿಂದಲೇ ಮಾತಾಡಿದರು.

"ಹೆಗ್ಡ್ರೆ, ಮಕ್ಕಳ್ ಎಷ್ಟ್ ಬರ್ದ್ರ್ ಅಂದ್ ನಂಗೂ ಗೊತ್ತಿಲ್ಲೆ. ನಾನ್ ಎಷ್ಟ್ ಬರ್ದೆ ಅಂದ್ ಗೊತ್ತಿತ್ತ್. ಎರಡೂ ಬದಿ ತುಂಬ್ಸಿದೆ. ಎಂತಕ್ ಕೇಣಿ. ಯಾರೂ ತಿದ್ದುದಿಲ್ಲ ಅಂದ್ ಗೊತ್ತಿದ್ದಿತ್. ಇನ್ನೊಬ್ರ್ ತಿದ್ದ್‌ತ್ರ್ ಅಂದಿರೆ ನಾನ್ ಒಂದಕ್ಷರ ಬರೀತಿರ್ಲಿಲ್ಲ."

ಶಕುಂತಲಾ ಟೀಚರ್ ಈಗ ಡಸ್ಟರಿನಿಂದ ಕಣ್ಣೆತ್ತಿದರು.

ಹೆಗ್ಡೆಯವರಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು. ಮಾಷ್ಟ್ರಿಗೇ ಹೀಗಾದರೆ ಮಕ್ಕಳ ಪಾಡೇನು ಎಂದರು. ಮಂಜುನಾಥರ ಪ್ರಶ್ನೆ ಮಾತ್ರ ಹಾಗೆಯೇ ನಿಂತಿತ್ತು. ಅದಕ್ಕೆ ಟೀಚರ್ ಉತ್ತರಿಸಿದರು. ದಿನಾ ಸಂಜೆ ಮಗಳನ್ನು ಕೇಳಿ, ಇವತ್ತು ಟೀಚರ್ ಪಾಠ ಎಲ್ಲಿಂದ ಶುರು ಮಾಡಿದರು ಎಂದು. ಅದು ನಿನ್ನೆಯ ಹಾಳೆಯಲ್ಲಿದ್ದ ಮಾತೇ ಆಗಿದ್ದರೆ ನಾನು ಓದಿದ್ದೇನೆ ಎಂದರ್ಥ; ಅಲ್ಲದಿದ್ದರೆ ನೇರ ನನ್ನ ಬಳಿ ಬನ್ನಿ. ಮಂಜುನಾಥರು, ಕೇಳಿ ನೋಡುತ್ತೇನೆ ಎಂಬರ್ಥದಲ್ಲಿ, "ಕೇಂತೆ" ಎಂದರು. ಬೆದರಿಕೆಯೂ ಅಲ್ಲ, ಒಪ್ಪಿಗೆಯೂ ಅಲ್ಲ. ಲಾರಿ ಬಿಡುವ ಮೊದಲು ಹಗ್ಗ ಎಳೆದು ನೋಡುವವರ ದನಿ.

ಕೊನೆಗೆ ಹೀಗಾಯಿತು: ನೋಟ್ ಪುಸ್ತಕಗಳಿಗೆ ಎಂದಿನಂತೆ ಕೆಂಪು ಇರಲಿ, ಬಿಡಿ ಹಾಳೆಗಳನ್ನು ಯಾರೂ ಮುಟ್ಟಬಾರದು. ಒಂದು ವರ್ಷ ಬೈಂದೂರಿನಲ್ಲಿ ಮುಂದುವರಿಯಲಿ, ಬ್ರಹ್ಮಾವರದಲ್ಲೂ ಒಂದು ತರಗತಿಯಲ್ಲಿ ಶುರುವಾಗಲಿ. ಟೀಚರ್ ಹೊರಗೆ ಬಂದು ಮಾಷ್ಟ್ರಿಗೆ ಹೇಳಿದ್ದು, ಆ ತರಗತಿಗೆ ಜೇಬು ಖಾಲಿ ಮಾಡಿ ಹೋಗಿ ಎಂದಷ್ಟೇ. ಮಾಷ್ಟ್ರು ನಗುತ್ತ ಬಸ್ಸು ಹತ್ತಿದರು.

ನಾನೂ ಅದೇ ಬಸ್ಸಿನಲ್ಲಿ ಬಂದೆ. ತ್ರಾಸಿಯ ಕಡಲು ಕಾಣುವವರೆಗೂ ಒಂದೇ ಯೋಚನೆ: ಮಾಷ್ಟ್ರು ಸುಳ್ಳು ಹೇಳಿದರು. ಅಂಚು ಎಳೆದು, ತಾರೀಕು ಹಾಕಿ, ಖಾಲಿ ಹಾಳೆ ಎದುರಿಟ್ಟುಕೊಂಡು ಅವರು ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನಾನು ನಿಜ ಹೇಳಿ ಆ ಹೆಂಗಸಿನ ಕೆಲಸ ಕೆಡಿಸುತ್ತಿದ್ದೆ, ಅವರು ಸುಳ್ಳು ಹೇಳಿ ಉಳಿಸಿದರು. ಒಳ್ಳೆಯ ಸುಳ್ಳು. ಪಕ್ಕದಲ್ಲೇ ನಿದ್ದೆ ಹೋಗಿದ್ದರು, ಎಬ್ಬಿಸಿ ಕೇಳಲಿಲ್ಲ. ಕೇಳಿದರೂ ಉತ್ತರವನ್ನು ನಾನು ನಂಬುತ್ತಿರಲಿಲ್ಲ.

ಆದರೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಮನೆಗೆ ಬಂದು ಮೆರೆರಿಡ್ ಅವರಿಗೆ ಇ–ಮೇಲ್ ಬರೆದೆ. ಎರಡನೆಯ ದಿನ ಮಕ್ಕಳು ಕಡಿಮೆ ಬರೆದರೇ ಎಂದು ಕೇಳಿದೆ, ಅತಿಥಿಗಳ ಹಾಳೆಗಳು ಏನಾದವು ಎಂದೂ ಕೇಳಿದೆ. ಮೊದಲನೆಯದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಮಕ್ಕಳ ಹಾಳೆಗಳು ಹೋಗಿದ್ದವು, ತನಗೂ ಸರಿಯಾಗಿ ನೆನಪಿಲ್ಲ ಎಂದರು. ಎರಡನೆಯದಕ್ಕೆ ಚಿತ್ರ ಕಳಿಸಿದರು. ಮೂರೂ ಹಾಳೆ ತರಗತಿಯ ಗೋಡೆಯ ಮೇಲಿವೆಯಂತೆ. ಎರಡು ಇಂಗ್ಲಿಷಿನವು, ಒಂದು ಕನ್ನಡದ್ದು. ಅದನ್ನು ಮಕ್ಕಳು ಎರಡೂ ಬದಿ ಕಾಣುವಂತೆ ದಾರ ಕಟ್ಟಿ ನೇತುಹಾಕಿದ್ದಾರೆ, ಏನು ಬರೆದಿದೆ ಎಂದು ದಿನಾ ಕೇಳುತ್ತಾರೆ, ದಯವಿಟ್ಟು ಹೇಳಿ ಎಂದಿದ್ದರು.

ದೊಡ್ಡದು ಮಾಡಿ ಓದಿದೆ. ಮೊದಲ ಬದಿ ಪುಸ್ತಕದ ಕನ್ನಡದಲ್ಲಿ ಶುರುವಾಗಿ ನಡುವೆ ನಿಂತಿತ್ತು. ನಿಂತಲ್ಲಿ ಒಂದು ಸಾಲು: ಇಲ್ಲಿಂದ ಮುಂದೆ ನಂಗೂ ಸಮಾ ಗೊತ್ತಿಲ್ಲೆ, ಮಕ್ಕಳಿಗೆ ಹ್ಯಾಂಗ್ ಹೇಳ್ಕೊಟ್ಟೆ ಅಂದ್ ಗೊತ್ತಿಲ್ಲೆ, ಬರ್ದ್ ಕಾಂತೆ. ಅಲ್ಲಿಂದ ಮುಂದೆ ಕುಂದಾಪ್ರ ಕನ್ನಡ. ಬರೆದದ್ದನ್ನು ಹೊಡೆದುಹಾಕಿ, ಮತ್ತೆ ಬರೆದು, ಹಿಂಬದಿಗೆ ದಾಟಿ, ಅಂಚಿನ ಗೆರೆಯನ್ನೂ ಮೀರಿ, ಕೊನೆಯ ಸಾಲಿಗೆ ಜಾಗ ಸಾಲದೆ ಅಕ್ಷರಗಳು ಮೇಲಕ್ಕೆ ಬಾಗಿದ್ದವು. ಅಕ್ಷರ ಸದಾಶಿವ ಮಾಷ್ಟ್ರದು. ಎರಡೂ ಬದಿ ತುಂಬಿತ್ತು.